ಎಷ್ಟು ಕೂದಲಿದ್ದರೆ ಜಟೆ?

ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ ಬಗೆಯವು. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಓದಲು ಕಲಿಸುವುದು ಹೇಗೆ ಎಂಬುದೊಂದು. ಊರಿನ ಮನೆಯ ಖಾತೆ ಬದಲಾವಣೆಗೆ ಯಾವ ಯಾವ ಕಾಗದಗಳು ಬೇಕು ಎಂಬುದು ಇನ್ನೊಂದು. ನಾವು ಸರ್ಕಾರಿ ಕಚೇರಿಯ ಗುಮಾಸ್ತರೆಂಬ ಸಂಗತಿ ಹೇಗೋ ಹೊರಬಿದ್ದಿರುವುದೇ ಎರಡನೆಯದಕ್ಕೆ ಕಾರಣವಿರಬೇಕು. ಈ ಸಲ ಬಂದದ್ದು ಮಾತ್ರ ಮೂರನೆಯ ಬಗೆಯ ಪ್ರಶ್ನೆ. ಕೇಳಿದವನು ಪುಣೆಯ ನಮ್ಮ ವಠಾರದಲ್ಲಿರುವ ಮಿತ್ರರೊಬ್ಬರ ಚಿರಂಜೀವಿ. ಇಲ್ಲಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎರಡನೆಯ ವರ್ಷದಲ್ಲಿ ಓದುತ್ತಿದ್ದಾನೆ. "ಕಾಕಾ, ಡ್ರೆಡ್‌ಲಾಕ್ಸ್ ಸುರು ಮಾಡಲಿಕ್ಕೆ ಕೂದಲು ಎಷ್ಟು ಉದ್ದ ಇರಬೇಕು?" ಎಂಬುದು ಅವನ ಪ್ರಶ್ನೆ.

ಹುಡುಗನ ತಂದೆಯವರಿಗೆ ಇದು ತಿಳಿದ ಕೂಡಲೇ ಅವರು ಬಂದು, "ಬೇಡವೇ ಬೇಡ ಅಂತ ನೀವು ಅಚ್ಚಿನಲ್ಲೇ ಬರೆದುಬಿಡಿ, ನನ್ನ ಮಾತನ್ನಂತೂ ಅವನು ಕೇಳುವುದಿಲ್ಲ" ಎಂದರು. ಬೇಡವೆಂದು ಬರೆಯುವುದೇನೋ ಸುಲಭ. ಆದರೆ ಹುಡುಗ ಕೇಳಿರುವುದು ಬೇಕೋ ಬೇಡವೋ ಎಂದಲ್ಲ, ಎಷ್ಟು ಎಂದು. ಅರ್ಜಿಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಬೇಕೇ ಹೊರತು ಕೇಳದ್ದಕ್ಕಲ್ಲ ಎಂಬುದು ಕಚೇರಿಯ ನಿಯಮ. ಕಚೇರಿಗಳಲ್ಲಿ ಅದು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬುದು ಬೇರೆ ಮಾತು.

ಆದ್ದರಿಂದ ಮೊದಲು ಉತ್ತರ. ಇದು ಕೂದಲಿನ ಜಾತಿಯನ್ನು ಅವಲಂಬಿಸಿದೆ. ಆಫ್ರಿಕದ ಮೂಲದವರ ಕೂದಲು ಸುರುಳಿಸುರುಳಿಯಾಗಿ, ಸ್ಪ್ರಿಂಗಿನ ಹಾಗೆ ಬೆಳೆಯುತ್ತದೆ. ಒಂದು ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ದುಂಡಗಿರದೆ ಚಪ್ಪಟೆಯಾಗಿ ಕಾಣುತ್ತದೆ. ಅಂಥ ಕೂದಲಿಗೆ ಒಂದೂವರೆ ಎರಡು ಅಂಗುಲ ಸಾಕು. ಚಿಕ್ಕ ಚಿಕ್ಕ ಕುಚ್ಚು ಮಾಡಿ ಬಾಚಣಿಗೆಯ ತುದಿಯಿಂದಲೋ ಬೆರಳಿನಿಂದಲೋ ಹೊಸೆದರೆ ತಾನಾಗಿಯೇ ಹಿಡಿದುಕೊಳ್ಳುತ್ತದೆ. ಎರಡೆಳೆಯ ಹುರಿ ಹಾಕಿ ಪ್ರಾರಂಭಿಸುವವರು ಮೂರು ನಾಲ್ಕು ಅಂಗುಲ ಬಿಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಹೆಚ್ಚಿನವರ ಕೂದಲು ನೇರ, ಇಲ್ಲವೆ ಅಲೆಅಲೆಯಾದದ್ದು. ಅದಕ್ಕೆ ಆರು ಅಂಗುಲವಾದರೂ ಬೇಕು. ಎಂಟಿದ್ದರೆ, ಅಂದರೆ ಒಂದು ಗೇಣಿಗೆ ಸ್ವಲ್ಪ ಕಡಿಮೆಯಿದ್ದರೆ, ಕೆಲಸ ಹಗುರ. ಅದಕ್ಕಿಂತ ಗಿಡ್ಡ ಕೂದಲನ್ನು ಎಷ್ಟು ಹೊಸೆದರೂ ರಾತ್ರಿ ದಿಂಬಿಗೆ ತಲೆಯಿಟ್ಟು ಬೆಳಗ್ಗೆ ಏಳುವಷ್ಟರಲ್ಲಿ ಬಿಚ್ಚಿಕೊಂಡಿರುತ್ತದೆ.

ತಲೆಗೂದಲು ತಿಂಗಳಿಗೆ ಸುಮಾರು ಅರ್ಧ ಅಂಗುಲ ಬೆಳೆಯುತ್ತದೆ. ಪೂರ್ತಿ ಸಣ್ಣಗೆ ಕತ್ತರಿಸಿದ ತಲೆಯಿಂದ ಹೊರಟರೆ ಆರು ಅಂಗುಲಕ್ಕೆ ಒಂದು ವರ್ಷ ಹಿಡಿಯುತ್ತದೆಂದಾಯಿತು. ನಮ್ಮ ಹುಡುಗನ ಕೂದಲನ್ನು ಅಡಿಕೋಲು ಹಿಡಿದು ನಾವೇ ಅಳೆದೆವು: ನಾಲ್ಕೂವರೆ ಅಂಗುಲ. ಇನ್ನು ಮೂರು ತಿಂಗಳು ಕಾಯಬೇಕು. ಈ ಲೆಕ್ಕ ಕೇಳಿ ಅವನ ತಂದೆಯವರಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು. ಮೂರು ತಿಂಗಳಲ್ಲಿ ಪರೀಕ್ಷೆ ಬರುತ್ತದಲ್ಲ! ಇನ್ನೊಂದು ವಿಷಯವನ್ನೂ ಹುಡುಗ ತಿಳಿದಿರಬೇಕು. ಗಂಟು ಬಿಗಿಯುತ್ತ ಹೋದಂತೆ ಉದ್ದ ಕುಗ್ಗುತ್ತದೆ. ಕೆಲವರಲ್ಲಿ ಕಾಲುಪಾಲು, ಕೆಲವರಲ್ಲಿ ಅರ್ಧಪಾಲು. ಆರು ಅಂಗುಲ ಬೆಳೆಸಿ ಕುಳಿತವನಿಗೆ ಮೊದಲ ತಿಂಗಳುಗಳಲ್ಲಿ ತಲೆಯ ಮೇಲೆ ನಿಲ್ಲುವುದು ಮೂರು ನಾಲ್ಕು ಅಂಗುಲದ ಹುಣಿಸೆಹಣ್ಣುಗಳೇ.

ಮಾಡುವ ಕ್ರಮ ಹೇಗೆ? ನೇರ ಕೂದಲಿನವರು ಕುಚ್ಚಿನ ತುದಿಯನ್ನು ಹಿಡಿದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬುಡದ ಕಡೆಗೆ, ಎಂದರೆ ತಿರುವುಮುರುವಾಗಿ ಬಾಚುತ್ತಾರೆ. ಆಗ ಬುಡದ ಹತ್ತಿರ ಸಿಕ್ಕು ಕೂಡುತ್ತದೆ. ಅದನ್ನು ಕ್ರೋಶಾ ಕಡ್ಡಿಯಿಂದ ಎಳೆದೆಳೆದು ಬಿಗಿ ಮಾಡುತ್ತಾರೆ. ನಮ್ಮ ತಾಯಂದಿರು ರೇಡಿಯೋ ಪೆಟ್ಟಿಗೆಗೆ ಬಿಳಿ ಹೊದಿಕೆ ಹೆಣೆಯುತ್ತಿದ್ದರಲ್ಲ, ಅದೇ ಕಡ್ಡಿ. ಸಿಕ್ಕು ಬಿಡಿಸುವುದಕ್ಕೆಂದು ಮನುಷ್ಯ ಕಂಡುಹಿಡಿದ ಬಾಚಣಿಗೆಯಿಂದಲೇ ಸಿಕ್ಕು ಮಾಡುವುದನ್ನು ಕಂಡರೆ ನಮ್ಮ ಹಿರಿಯ ಸೋದರಿಯರಿಗೆ ಮೈ ಉರಿಯಬಹುದು.

ಇಷ್ಟಕ್ಕೂ ಕೂದಲು ಹೀಗೆ ಹಿಡಿದುಕೊಳ್ಳುವುದು ಏಕೆ? ಪ್ರತಿಯೊಂದು ಎಳೆಯ ಮೇಲೂ ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಜೋಡಿಸಿದ ಸೂಕ್ಷ್ಮ ಪೊರೆಗಳಿವೆ. ಉಜ್ಜಿದಾಗ ಒಂದು ಎಳೆಯ ಪೊರೆ ಇನ್ನೊಂದರದಕ್ಕೆ ಸಿಕ್ಕಿಕೊಳ್ಳುತ್ತದೆ. ಉಣ್ಣೆಯ ಅಂಗಿಯನ್ನು ಬಿಸಿನೀರಿನಲ್ಲಿ ಕುಕ್ಕಿ ಒಗೆದರೆ ಅದು ಕುಗ್ಗಿ ಹಲಗೆಯಂತಾಗುವುದೂ ಇದೇ ಕಾರಣದಿಂದ. ಎರಡನೆಯ ಕಾರಣ ಇನ್ನೂ ಸ್ವಾರಸ್ಯವಾದದ್ದು. ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುತ್ತವೆ. ಬಾಚುವವರಲ್ಲಿ ಅವು ಬಾಚಣಿಗೆಗೆ ಬರುತ್ತವೆ, ಬಚ್ಚಲಿನ ಜಾಲರಿಗೆ ಬರುತ್ತವೆ, ಒಮ್ಮೊಮ್ಮೆ ಗಂಡನ ಊಟದ ತಟ್ಟೆಗೂ ಬರುತ್ತವೆ. ಬಾಚದ ತಲೆಯಲ್ಲಿ ಅವು ಎಲ್ಲಿಯೂ ಹೋಗದೆ ಗಂಟಿನೊಳಗೇ ಉಳಿದು, ಬದುಕಿರುವ ಕೂದಲಿಗೆ ಸುತ್ತಿಕೊಳ್ಳುತ್ತವೆ. ಬಲಿತ ಜಟೆಯೊಂದರಲ್ಲಿ ದೊಡ್ಡ ಪಾಲು ಹೀಗೆ ಉದುರಿಯೂ ಹೋಗದ ಕೂದಲೇ. ಕಚೇರಿಯಲ್ಲಿ ಹತ್ತು ವರ್ಷ ಯಾರೂ ಬಿಚ್ಚದ ಕಡತ ದಪ್ಪವಾಗುವ ಕ್ರಮವೂ ಇದೇ.

ಹುಡುಗನಿಗೆ ಹೇಳಬೇಕಾದ ಎಚ್ಚರಿಕೆಯ ಮಾತುಗಳು ಎರಡು. ಜಟೆಯಾದ ಮೇಲೆ ತಲೆ ತೊಳೆಯಬಾರದೆಂಬುದು ಸುಳ್ಳು. ತೊಳೆಯಲೇಬೇಕು, ತೊಳೆದ ಮೇಲೆ ಒಳಗಿನವರೆಗೂ ಒಣಗಿಸಲೇಬೇಕು. ಪುಣೆಯ ಮಳೆಗಾಲದಲ್ಲಿ ಒದ್ದೆಯಾಗಿಯೇ ಬಿಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಬುಡವನ್ನು ಅತಿಯಾಗಿ ಬಿಗಿದು ಎಳೆದರೆ ಹಣೆಯಂಚಿನ ಕೂದಲು ಉದುರಿ ಮತ್ತೆ ಬಾರದೆಯೂ ಹೋಗಬಹುದು. ಬೇಸರ ಬಂದ ದಿನ ಬಿಚ್ಚಿಬಿಡುತ್ತೇನೆ ಎನ್ನುವಂತೆಯೂ ಇಲ್ಲ. ಬಹಳ ತಾಳ್ಮೆಯಿಂದ ದಿನಗಟ್ಟಲೆ ಕೂತು ಬಿಡಿಸಿದವರಿದ್ದಾರಾದರೂ ಸಾಮಾನ್ಯವಾಗಿ ಕತ್ತರಿಯೇ ಗತಿ.

ಕೇಶವಿನ್ಯಾಸವೆಂದು ಹುಡುಗರು ತಿಳಿದಿರುವ ಇದು ಅದರ ಹೆಸರು ಹುಟ್ಟಿದ ನಾಡಿನಲ್ಲಿ ವಿನ್ಯಾಸವಾಗಿರಲಿಲ್ಲ. ವೆಸ್ಟ್ ಇಂಡೀಸ್ ಎಂದೊಡನೆ ನಮಗೆ ಕ್ರಿಕೆಟ್ ನೆನಪಾಗುತ್ತದಷ್ಟೆ. ಅಲ್ಲಿಯ ಜಮೈಕಾ ದ್ವೀಪದಲ್ಲಿ, ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳ ನಡುವೆ, 1930ರ ನಂತರ ಒಂದು ಹೊಸ ಮತ ಹುಟ್ಟಿತು. ಆ ವರ್ಷ ನವೆಂಬರ್ 2ರಂದು ಇಥಿಯೋಪಿಯದಲ್ಲಿ ರಾಸ್ ತಫಾರಿ ಎಂಬ ರಾಜಕುಮಾರ ಹೈಲೆ ಸೆಲಾಸಿ ಎಂಬ ಹೆಸರಿನಿಂದ ಚಕ್ರವರ್ತಿಯಾದ. ಕರಿಯ ಜನಕ್ಕೂ ಒಬ್ಬ ಚಕ್ರವರ್ತಿಯಿದ್ದಾನೆ, ಅವನೇ ದೇವರ ಅವತಾರ ಎಂದು ಲಿಯೊನಾರ್ಡ್ ಹೋವೆಲ್ ಮೊದಲಾದವರು ಸಾರಿದರು. ಆ ಮತದವರೇ ರಾಸ್ತಫಾರಿಗಳು. ವ್ರತ ಹಿಡಿದವನ ತಲೆಗೆ ಕ್ಷೌರದ ಕತ್ತಿ ಸೋಕಬಾರದೆಂಬ ಬೈಬಲ್ಲಿನ ಹಳೆಯ ಒಡಂಬಡಿಕೆಯ ವಿಧಿಯನ್ನು ಹಿಡಿದು ಅವರಲ್ಲಿ ಹಲವರು ಕೂದಲನ್ನು ಕತ್ತರಿಸದೆ, ಬಾಚದೆ ಬಿಟ್ಟರು. 'ಡ್ರೆಡ್' ಎಂದರೆ ಭಯ. ದೇವರ ಭಯವೆಂದು ಅವರು, ಇವರನ್ನು ಕಂಡರೇ ಭಯವೆಂದು ಊರಿನ ದೊಡ್ಡ ಮನುಷ್ಯರು.

ಆ ಕೂದಲಿಗಾಗಿ ಅವರು ಪಟ್ಟ ಪಾಡು ಸಣ್ಣದಲ್ಲ. 1963ರ ಏಪ್ರಿಲಿನಲ್ಲಿ ಕೋರಲ್ ಗಾರ್ಡನ್ಸ್ ಎಂಬಲ್ಲಿ ನಡೆದ ಒಂದು ಗಲಭೆಯನ್ನು ನೆಪ ಮಾಡಿಕೊಂಡು ಪೊಲೀಸರು ಸಿಕ್ಕ ಸಿಕ್ಕ ರಾಸ್ತಫಾರಿಗಳನ್ನೆಲ್ಲ ಹಿಡಿದು, ಹೊಡೆದು, ಅವರ ಜಟೆಯನ್ನು ಬಲವಂತದಿಂದ ಕತ್ತರಿಸಿ ಹಾಕಿದರು. ಅದಕ್ಕೆ ಜಮೈಕಾದ ಪ್ರಧಾನಮಂತ್ರಿಗಳು ಕ್ಷಮೆ ಕೇಳಿದ್ದು 2017ರಲ್ಲಿ, ಐವತ್ತನಾಲ್ಕು ವರ್ಷಗಳ ನಂತರ. ಈ ನಡುವೆ ಬಾಬ್ ಮಾರ್ಲಿ ಎಂಬ ಹಾಡುಗಾರ ಅದೇ ಜಟೆಯನ್ನು ಹೊತ್ತು ಜಗತ್ತೆಲ್ಲ ಸುತ್ತಿ, 1981ರಲ್ಲಿ ಮೂವತ್ತಾರನೆಯ ವಯಸ್ಸಿಗೇ ತೀರಿಕೊಂಡ. ನಮ್ಮ ಹುಡುಗರ ಅಂಗಿಯ ಮೇಲೆ ಅಚ್ಚಾಗಿರುವುದು ಅವನ ಮುಖವೇ.

ಜಮೈಕಾಕ್ಕೂ ನಮ್ಮ ದೇಶಕ್ಕೂ ಒಂದು ಹಳೆಯ ನಂಟಿದೆ. 1845ರಿಂದ ಮುಂದೆ ಎಪ್ಪತ್ತು ವರ್ಷ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಸುಮಾರು 36,000 ಭಾರತೀಯರು, ಬಹುಪಾಲು ಉತ್ತರದ ಕಡೆಯವರು, ಆ ದ್ವೀಪಕ್ಕೆ ಹೋದರು. ಗಾಂಜಾ ಎಂಬ ಶಬ್ದ ಇಂದಿಗೂ ಅಲ್ಲಿ ಅದೇ ರೂಪದಲ್ಲಿದೆ. ಶಬ್ದದ ಜೊತೆ ಬೈರಾಗಿಗಳ ಜಟೆಯೂ ಹೋಯಿತೆಂದು ಕೆಲವು ವಿದ್ವಾಂಸರು, ಇಲ್ಲ, ಅದು ಕೆನ್ಯದ ಬಂಡಾಯಗಾರರನ್ನು ನೋಡಿ ಬಂದದ್ದೆಂದು ಇನ್ನು ಕೆಲವರು ವಾದಿಸುತ್ತಾರೆ. ಬೈರಾಗಿಯ ಜಟೆಯನ್ನು ನಾವು ಬಲ್ಲೆವು. ನಾಸಿಕ ತ್ರ್ಯಂಬಕೇಶ್ವರಗಳ 2015ರ ಕುಂಭಮೇಳಕ್ಕೆ ಹೋದವರು ಆಳುದ್ದದ ಜಟೆಗಳನ್ನು ಕಂಡುಬಂದಿದ್ದಾರೆ. ಶಿವನೇ ಜಟಾಧರ, ಗಂಗೆಗೇ ಅದು ಅಣೆಕಟ್ಟು. ನಮ್ಮ ಹೆಣ್ಣುಮಕ್ಕಳು ಹೂ ಮುಡಿಯುವ 'ಜಡೆ' ಎಂಬ ಮಾತು ಕೂಡ ಸಂಸ್ಕೃತದ 'ಜಟಾ' ಶಬ್ದದ ತದ್ಭವ. ದಿನವೂ ಬಾಚಿ ಹೆಣೆದದ್ದಕ್ಕೂ ಎಂದೂ ಬಾಚದೆ ಬಿಟ್ಟದ್ದಕ್ಕೂ ಕನ್ನಡದಲ್ಲಿ ಮೂಲ ಒಂದೇ.

ಇಲ್ಲಿಗೆ ಈ ತಿಂಗಳ ಅಂಕಣ ಮುಗಿಯಬೇಕಾಗಿತ್ತು. ಮುಗಿಯದಿದ್ದುದು ಹುಡುಗನ ಅಜ್ಜಿಯವರಿಂದ. ಅವರಿಗೆ ಎಪ್ಪತ್ತೆಂಟು ವರ್ಷ. ಗೋಕಾಕದ ಕಡೆಯ ಹಳ್ಳಿಯವರು. ಮೊಮ್ಮಗ ಏನು ಮಾಡಿದರೂ ನಗುವ ಮುದುಕಿ ಈ ಮಾತು ಕಿವಿಗೆ ಬಿದ್ದೊಡನೆ ಒಳಗಿನಿಂದ ಎದ್ದು ಬಂದರು. "ಏನಂದಿ? ಜಡಿ ಬಿಡ್ತೀಯಾ? ಜಡಿ ಅಂದ್ರ ಆಟಕಿ ಸಾಮಾನ ಅಂತ ತಿಳಿದೀ ಏನೋ? ಅದನ್ನ ಯಾರೂ ಕರ್ಯಾಂಗಿಲ್ಲ ತಮ್ಮಾ, ಅದಾ ಬರ್ತದ. ಬಂತಂದ್ರ ಹೋಗಂಗಿಲ್ಲ."

ಹೊರನಾಡಿನಲ್ಲೇ ಹುಟ್ಟಿ ಬೆಳೆದ ಮಕ್ಕಳಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಳಗಾವಿ ಜಿಲ್ಲೆಯ ಸವದತ್ತಿಯ ಗುಡ್ಡದಲ್ಲಿ ಎಲ್ಲಮ್ಮ ದೇವಿಯ ಕ್ಷೇತ್ರವಿದೆ. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅವರಲ್ಲಿ ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರಗಳ ಕಡೆಯಿಂದ ಬರುವ ಮರಾಠಿ ಭಕ್ತರೂ ಬಹಳ. ಬಡವರ ಮನೆಯ ಹೆಣ್ಣುಮಗಳ ತಲೆಯಲ್ಲಿ ಕೂದಲು ಸಿಕ್ಕುಗಟ್ಟಿ ಬಿಡಿಸಲಾರದಂತಾದರೆ, ಅದು ದೇವಿ ತನ್ನ ಗುರುತು ಹಾಕಿದ್ದು ಎಂಬ ನಂಬಿಕೆ ಈ ಎರಡೂ ಪ್ರಾಂತಗಳ ಹಳ್ಳಿಗಳಲ್ಲಿದೆ. ಕನ್ನಡದಲ್ಲಿ ಜಡೆ ಬಂತು ಎನ್ನುತ್ತಾರೆ, ಮರಾಠಿಯಲ್ಲಿ ಜಟ್ ಆಲೀ ಎನ್ನುತ್ತಾರೆ. ಹಾಗೆ ಬಂದ ಜಡೆಯನ್ನು ಕತ್ತರಿಸಿದರೆ ಗಂಡನಿಗೋ ಮಕ್ಕಳಿಗೋ ಕೇಡು, ಕತ್ತರಿಸಿದವರು ರಕ್ತ ಕಾರುತ್ತಾರೆ ಎಂಬ ಭಯ. ಬಾಚುವುದು ಅಂದಿಗೆ ನಿಂತಿತು. ಮಂಗಳವಾರ ಶುಕ್ರವಾರ ಅದಕ್ಕೇ ಭಂಡಾರ ಹಚ್ಚಿ ಪೂಜೆ. ಎಣ್ಣೆಯೂ ಅರಿಸಿನವೂ ಧೂಳೂ ಕೂಡಿ ಗಂಟು ಕಲ್ಲಾಗುತ್ತದೆ.

ಅಜ್ಜಿಯವರ ಓಣಿಯಲ್ಲಿ ಅವರದೇ ವಯಸ್ಸಿನ ಒಬ್ಬ ಹುಡುಗಿ ಇದ್ದಳಂತೆ. ಒಂಬತ್ತನೆಯ ವಯಸ್ಸಿನಲ್ಲಿ ಅವಳಿಗೆ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದಳು. ಎದ್ದಾಗ ಹಿಂದಲೆಯಲ್ಲಿ ಗಂಟು. "ನಾ ಮನಿಯಿಂದ ಹಣಿಗಿ, ಎಣ್ಣಿ ತಗೊಂಡು ಹ್ವಾದೆ. ಕುಂಡ್ರ ಬಾರಲೇ, ಬಿಡಸ್ತೀನಿ ಅಂದೆ. ಅವರವ್ವ ನನ್ನ ಕೈಯಾನ ಹಣಿಗಿ ಕಸಗೊಂಡು ಹೊರಗ ಒಗದ್ಲು. ಬನದ ಹುಣ್ಣಿವಿಗೆ ಆಕೀನ ಗುಡ್ಡಕ್ಕ ಕರಕೊಂಡು ಹ್ವಾದ್ರು. ಬರೂವಾಗ ಕೊಳ್ಳಾಗ ಮುತ್ತು ಕಟ್ಟಿಸಿಕೊಂಡು ಬಂದ್ಲು. ಮುಂದ ಆಕಿ ನಮ್ಮ ಜೋಡಿ ಆಡಲಿಕ್ಕೆ ಬರಲಿಲ್ಲ." ಕೊರಳಿಗೆ ಮುತ್ತು ಕಟ್ಟುವುದೆಂದರೆ ದೇವದಾಸಿಯಾಗಿ ಬಿಡುವುದು. ಮದುವೆಯ ಮಾತು ಅಲ್ಲಿಗೆ ಮುಗಿಯಿತು. ಉಳಿದ ಬಾಳು ಹೇಗೆ ನಡೆಯಿತೆಂದು ಅಜ್ಜಿಯವರು ಮೊಮ್ಮಗನೆದುರಿಗೆ ಹೇಳಲಿಲ್ಲ.

ಮುಂಬಯಿ ಪ್ರಾಂತದಲ್ಲಿ ಇದನ್ನು ತಡೆಯಲು 1934ರಲ್ಲಿಯೇ ಕಾಯಿದೆಯಾಗಿತ್ತು. ಸವದತ್ತಿ ಆಗ ಆ ಪ್ರಾಂತಕ್ಕೇ ಸೇರಿತ್ತು. ಕಾಯಿದೆ ಗುಡ್ಡ ಹತ್ತಲಿಲ್ಲ. ಕರ್ನಾಟಕ ಸರ್ಕಾರ 1982ರಲ್ಲಿ ಮತ್ತೊಂದು ಶಾಸನವನ್ನು ತಂದಿತು. ನಾಲ್ಕು ಬೆರಳು ಸಿಕ್ಕು ಒಂದು ಹುಡುಗಿಯ ಬಾಳಿಗೆ ಸಾಕಾಗಿದ್ದ ಕಾಲ ಅದು. ಬಾಚಣಿಗೆ ಹಿಡಿದ ಗೆಳತಿಯನ್ನು ಆ ದಿನ ಒಳಗೆ ಬಿಟ್ಟಿದ್ದರೆ, ಹೆಚ್ಚೆಂದರೆ ಕೂದಲನ್ನು ಗಿಡ್ಡ ಮಾಡಿದ್ದರೆ, ಎಂದು ನಾವು ಅಂದು ರಾತ್ರಿಯೆಲ್ಲ ಯೋಚಿಸಿದೆವು.

ಇದು ನಮ್ಮ ಸೀಮೆಯ ಅಜ್ಞಾನವೆಂದು ಯಾರೂ ನಾಚಬೇಕಾಗಿಲ್ಲ. ಯುರೋಪಿನ ಪೋಲೆಂಡ್ ದೇಶದಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ರೈತಾಪಿ ಜನರಲ್ಲಿ ಇದೇ ಸಿಕ್ಕು ಇತ್ತು, ಇದೇ ಭಯವೂ ಇತ್ತು. ಅವರು ಅದನ್ನು 'ಕೊವ್ಟುನ್' ಎನ್ನುತ್ತಿದ್ದರು. ದೇಹದೊಳಗಿನ ರೋಗ ಹೊರಬಂದು ಕೂದಲಲ್ಲಿ ಕುಳಿತಿದೆ, ಕತ್ತರಿಸಿದರೆ ಕಣ್ಣು ಹೋಗುತ್ತದೆ, ಬುದ್ಧಿ ಕೆಡುತ್ತದೆ ಎಂದು ನಂಬಿಕೆ. ಯುರೋಪಿನ ವೈದ್ಯರು ಅದಕ್ಕೆ ಆ ದೇಶದ ಹೆಸರನ್ನೇ ಸೇರಿಸಿ 'ಪ್ಲೈಕಾ ಪೊಲೋನಿಕಾ' ಎಂದು ಕರೆದರು. ಇದು ರೋಗವೇ ಅಲ್ಲ, ಬಾಚದೆ ತೊಳೆಯದೆ ಬಿಟ್ಟ ಕೂದಲು ಅಷ್ಟೇ ಎಂದು ಪಟ್ಟುಹಿಡಿದು ವಾದಿಸಿದವರು ಕ್ರಾಕೋವ್ ನಗರದ ವೈದ್ಯ ಯೂಝೆಫ್ ಡೀಟ್ಲ್; ಮುಂದೆ 1866ರಲ್ಲಿ ಆ ನಗರದ ಅಧ್ಯಕ್ಷರೂ ಆದರು. ಜಟೆಯುಳ್ಳವರ ಮೇಲೆ ತೆರಿಗೆ ಬೀಳುತ್ತದಂತೆ ಎಂಬ ಗಾಳಿಮಾತು ಹಬ್ಬಿದ್ದೇ ತಡ, ಎಷ್ಟೋ ಜನ ತಾವಾಗಿ ಕತ್ತರಿಸಿಕೊಂಡರೆಂದು ಹೇಳುತ್ತಾರೆ. ದೈವಭಯಕ್ಕಿಂತ ತೆರಿಗೆಯ ಭಯ ದೊಡ್ಡದೆಂಬುದಕ್ಕೆ ನಮ್ಮ ಕಚೇರಿಯಲ್ಲೂ ಸಾಕಷ್ಟು ಆಧಾರಗಳಿವೆ.

ಪುಣೆಯಲ್ಲಿ ತೆರಿಗೆಯ ಗಾಳಿಮಾತು ನಡೆಯುವುದಿಲ್ಲ. ಇಲ್ಲಿ ಬೇರೆ ದಾರಿ ಹಿಡಿಯಬೇಕಾಗಿದೆ. ಡಾಕ್ಟರ್ ನರೇಂದ್ರ ದಾಭೋಳಕರರು 1989ರಲ್ಲಿ ಸ್ಥಾಪಿಸಿದ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತೆಯರು ಇಂಥ ಹೆಂಗಸರ ಮನೆಗಳಿಗೆ ಹೋಗಿ, ಒಪ್ಪಿಸಿ, ಜಟೆ ತೆಗೆಯುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಿದ್ದಾರೆ. ದಾಭೋಳಕರರನ್ನು ಇದೇ ಊರಿನಲ್ಲಿ 2013ರ ಆಗಸ್ಟ್ 20ರ ಬೆಳಗ್ಗೆ ಗುಂಡಿಟ್ಟು ಕೊಂದರು. ಕೆಲಸ ನಿಲ್ಲಲಿಲ್ಲ.

ನಮ್ಮ ವಠಾರದ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಗಸೊಬ್ಬಳಿದ್ದಾಳೆ. ಅಕ್ಕಲಕೋಟೆಯ ಕಡೆಯವಳು, ಕನ್ನಡ ಮರಾಠಿ ಎರಡನ್ನೂ ಆಡುತ್ತಾಳೆ. ತಲೆಗೆ ಸದಾ ಬಟ್ಟೆ ಕಟ್ಟಿರುತ್ತಿದ್ದಳು. ಆರು ವರ್ಷದ ಹಿಂದೆ ಟೈಫಾಯ್ಡ್ ಆಗಿ ಮಲಗಿ ಎದ್ದಾಗ ಬಂದ ಜಟೆಯದು. ಹಿಂದಲೆಯಲ್ಲಿ ತೆಂಗಿನಕಾಯಿಯಷ್ಟು ಗಂಟು, ಅದರಿಂದ ಒಂದೂವರೆ ಅಡಿ ಇಳಿಬಿದ್ದ ಹಗ್ಗ. ಅಂಗಾತ ಮಲಗಿ ಆರು ವರ್ಷವಾಗಿತ್ತಂತೆ. ಕುತ್ತಿಗೆ ನೋವು, ಹೇನು, ಬುಡದಲ್ಲಿ ಹುಣ್ಣು. ಒಂದು ಮನೆಯವರು ವಾಸನೆ ಸಹಿಸಲಾರದೆ, "ಅದನ್ನು ತೆಗೆಸಿಕೊಂಡು ಬಾ, ಇಲ್ಲವಾದರೆ ಬರಬೇಡ" ಎಂದರು. ಅವಳು ಮರುದಿನದಿಂದ ಆ ಮನೆಗೆ ಬರಲಿಲ್ಲ. ಸಂಬಳದ ಮೂರನೆಯ ಒಂದು ಪಾಲು ಹೋಯಿತು, ಜಟೆ ಹೋಗಲಿಲ್ಲ. ಹಾಗೆ ಹೇಳಿದವರು ಕೆಟ್ಟವರಲ್ಲ, ಒಳ್ಳೆಯದಕ್ಕೇ ಹೇಳಿದರು. ಆದರೆ ಮಕ್ಕಳ ಜೀವಕ್ಕೆ ಕೇಡೆಂದು ನಂಬಿದ ತಾಯಿಗೆ ಸಂಬಳದ ಬೆದರಿಕೆ ಹಾಕಿದರೆ ಏನು ಪ್ರಯೋಜನ?

ವಠಾರದ ಸೊಸೆಯರಿಬ್ಬರು ಕಾರ್ಯಕರ್ತೆಯರನ್ನು ಕರೆಸಿದರು. ಅವರು ಒಂದೇ ದಿನದಲ್ಲಿ ಕತ್ತರಿ ತೆಗೆಯಲಿಲ್ಲ. ಎರಡು ತಿಂಗಳಲ್ಲಿ ನಾಲ್ಕು ಸಲ ಬಂದರು. ಗಂಡನೊಡನೆ ಮಾತಾಡಿದರು, ಅತ್ತೆಯೊಡನೆ ಮಾತಾಡಿದರು, ಹಿಂದೆ ಜಟೆ ತೆಗೆಸಿಕೊಂಡು ನೆಮ್ಮದಿಯಿಂದಿರುವ ಹೆಂಗಸೊಬ್ಬಳನ್ನೇ ಕರೆತಂದು ತೋರಿಸಿದರು. ಗಂಡ ಒಪ್ಪಿದ. ಹೆಂಗಸು ತಲೆ ತಗ್ಗಿಸಿ ಕುಳಿತಳೇ ಹೊರತು ಹೂಂ ಎನ್ನಲಿಲ್ಲ.

ಹೂಂ ಎನ್ನಿಸಿದವರು ಅಜ್ಜಿಯವರು. ಜಡೆಯೆಂದರೆ ಯಾರಿಗಿಂತಲೂ ಹೆಚ್ಚು ಹೆದರುವ ಅಜ್ಜಿಯವರು ಮೊದಮೊದಲು ಆ ಕೋಣೆಗೇ ಬರುತ್ತಿರಲಿಲ್ಲ. ನಾಲ್ಕನೆಯ ಸಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದರು. ಆಮೇಲೆ ಒಳಗೆ ಬಂದು ಅವಳ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಅಂದರು: "ತಂಗೀ, ತಿರುಪತಿ ತಿಮ್ಮಪ್ಪ ಮುಡಿ ತಗೋತಾನೋ ಇಲ್ಲೋ? ಕೊಟ್ಟವರಿಗೆ ಕೇಡು ಮಾಡ್ಯಾನೇನು? ಎಲ್ಲವ್ವ ಅಂದ್ರ ತಾಯಿ. ಗಂಡದೇವರು ತಗೊಂಡದ್ದನ್ನ ತಾಯಿ ಆದಾಕಿ ಬ್ಯಾಡ ಅಂತಾಳೇನು? ಆಕಿಗೇ ಕೊಟ್ಟೆ ಅನ್ನು. ಪಾಪ ಬಂದ್ರ ನನಗ ಬರಲಿ, ನನಗೇನು ಎಪ್ಪತ್ತೆಂಟಾತು."

ಕಾರ್ಯಕರ್ತೆಯರ ಮುಖ ನೋಡುವಂತಿತ್ತು. ದೇವಿಗೂ ಈ ಗಂಟಿಗೂ ಸಂಬಂಧವೇ ಇಲ್ಲವೆಂದು ಎರಡು ತಿಂಗಳಿಂದ ತಿಳಿಹೇಳುತ್ತಿದ್ದವರು ಅವರು. ಈ ಮುದುಕಿ ದೇವಿಯನ್ನೇ ಸಾಕ್ಷಿಗೆ ಕರೆದುಬಿಟ್ಟಿದ್ದರು. ತರ್ಕದ ದೃಷ್ಟಿಯಿಂದ ಕಾರ್ಯಕರ್ತೆಯರದೇ ಸರಿ. ನಾವೂ ಬಿ.ಎ.ವರೆಗೆ ಓದಿದವರು, ಅಷ್ಟು ತಿಳಿಯದವರಲ್ಲ. ಆದರೆ ಆ ಹೊತ್ತಿಗೆ ಅವಳಿಗೆ ಹಿಡಿದುಕೊಳ್ಳಲು ಬೇಕಾಗಿದ್ದದ್ದು ಕೈಯೊಂದು, ಅದನ್ನು ಅಜ್ಜಿಯವರು ಕೊಟ್ಟರು. ಕಾರ್ಯಕರ್ತೆಯರಲ್ಲಿ ಹಿರಿಯವರು ಒಂದು ಕ್ಷಣ ಸುಮ್ಮನಿದ್ದು, ಚೀಲದಿಂದ ಕತ್ತರಿ ತೆಗೆದರು.

ಅರ್ಧ ಗಂಟೆಯ ಮೇಲೆ ಹಿಡಿಯಿತು. ಜಟೆ ತೆಂಗಿನ ನಾರಿನ ಹಗ್ಗದಂತೆ ಗಟ್ಟಿಯಾಗಿತ್ತು. ಕತ್ತರಿ ಸಾಲದೆ ಎಳೆಎಳೆಯಾಗಿ ಬಿಡಿಸಿ ತುಂಡರಿಸಬೇಕಾಯಿತು. ಅವಳು ಕಣ್ಣು ಮುಚ್ಚಿಕೊಂಡೇ ಕುಳಿತಿದ್ದಳು. ಎಲ್ಲ ಮುಗಿದ ಮೇಲೆ ಕುತ್ತಿಗೆಯ ಹಿಂಭಾಗವನ್ನು ಮುಟ್ಟಿಕೊಂಡು, "ಹಗುರ ಆತ್ರೀ ಆಯೀ" ಎಂದಳು. ಹುಣ್ಣಿಗೆ ಡಾಕ್ಟರು ಮುಲಾಮು ಬರೆದುಕೊಟ್ಟರು. ಕತ್ತರಿಸಿದ್ದನ್ನು ಅವಳು ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಹೋದಳು. ಏನು ಮಾಡಿದಳೆಂದು ಯಾರೂ ಕೇಳಲಿಲ್ಲ.

ಎರಡನೆಯ ದಿನವೇ ಅವಳ ಚಿಕ್ಕ ಮಗನಿಗೆ ನೆಗಡಿಯಾಯಿತು. ಅತ್ತೆ ಓಣಿಗೆಲ್ಲ ಕೇಳುವಂತೆ ಕೂಗಾಡಿದಳು. ಅಜ್ಜಿಯವರು ಮೊಮ್ಮಗನ ಕೈಯಲ್ಲಿ ಕಷಾಯದ ಪುಡಿ ಕಳಿಸಿ, "ಹೋದ ವರ್ಷ ಈ ದಿವಸದಾಗ ನೆಗಡಿ ಬಂದಿತ್ತೋ ಇಲ್ಲೋ, ಕೇಳಿಕೊಂಡು ಬಾ" ಎಂದರು. ಬಂದಿತ್ತು. ನಾಲ್ಕನೆಯ ದಿನ ಅವಳು ತಲೆಗೆ ಬಟ್ಟೆಯಿಲ್ಲದೆ ಕೆಲಸಕ್ಕೆ ಬಂದಳು. ಬಿಟ್ಟಿದ್ದ ಮನೆಯವರು ತಾವಾಗಿ ಹೋಗಿ ಕರೆದರು. ಅವಳು ಸಂಬಳವನ್ನು ನೂರು ರೂಪಾಯಿ ಏರಿಸಿಕೊಂಡು ಒಪ್ಪಿದಳು. ಇದು ನಮಗೆ ಬಹಳ ಹಿಡಿಸಿತು.

ಜಮೈಕಾದಲ್ಲಿ ಇಟ್ಟುಕೊಳ್ಳುತ್ತೇನೆ ಎಂದವರ ಜಟೆಯನ್ನು ಪೊಲೀಸರು ಕಿತ್ತರು. ನಮ್ಮಲ್ಲಿ ಬೇಡವೆನ್ನಿಸಿದರೂ ಬೇಡ ಎನ್ನಲು ಹೆಂಗಸಿಗೆ ಬಾಯಿಲ್ಲ. ಹುಡುಗನ ವಿಷಯ ಇವೆರಡೂ ಅಲ್ಲ. ಬೆಳೆಸುವವನೂ ಅವನೇ, ಬೇಸರವಾದರೆ ಕತ್ತರಿಸುವವನೂ ಅವನೇ. ಆದ್ದರಿಂದ ಅವನ ತಂದೆಯವರು ನಮ್ಮಿಂದ ಬಯಸಿದ 'ಬೇಡ'ವನ್ನು ನಾವು ಬರೆಯುವುದಿಲ್ಲ. ಒಂದು ಮಾತು ಮಾತ್ರ ಅವನಿಗೆ ಹೇಳಿದ್ದೇವೆ: ಆರು ಅಂಗುಲವಾದ ದಿನ ಅಜ್ಜಿಯನ್ನು ಕೇಳಿ ಪ್ರಾರಂಭಿಸು, ಅದನ್ನು ಜಡೆ ಎನ್ನಬೇಡ, ಬೇರೆ ಏನಾದರೂ ಅನ್ನು. ಅಜ್ಜಿಯವರ ನಿರ್ಣಯ ಇನ್ನೂ ಹೊರಬಿದ್ದಿಲ್ಲ.

ಕೊನೆಯದಾಗಿ ಮನೆಗಳಲ್ಲಿ ಉಪಯೋಗಕ್ಕೆ ಬರುವ ಒಂದು ವಿಷಯ. ಕಾಯಿಲೆಯಾಗಿ ಹಲವು ವಾರ ಮಲಗಿದವರ, ಅದರಲ್ಲೂ ಉದ್ದ ಕೂದಲಿನ ಹೆಣ್ಣುಮಕ್ಕಳ ತಲೆ ದಿಂಬಿಗೆ ಉಜ್ಜಿ ಹಿಂದಲೆಯಲ್ಲಿ ಗಂಟಾಗುವುದು ಸಹಜ. ಮಲಗಿರುವಾಗಲೇ ಕೂದಲನ್ನು ಎರಡು ಪಾಲು ಮಾಡಿ ಸಡಿಲವಾಗಿ ಹೆಣೆದು ಎರಡು ಪಕ್ಕಕ್ಕೆ ಬಿಟ್ಟರೆ ಗಂಟೇ ಆಗುವುದಿಲ್ಲ. ಆಗಿಬಿಟ್ಟಿದ್ದರೆ, ಎದ್ದ ಕೂಡಲೇ ತಲೆಗೆ ನೀರು ಹಾಕಿ ತಿಕ್ಕಬೇಡಿ. ಗಂಟು ಇನ್ನಷ್ಟು ಬಿಗಿಯುತ್ತದೆ. ಮೊದಲು ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಗಂಟಿನ ಒಳಕ್ಕೆ ಹೋಗುವಂತೆ ಹಚ್ಚಿ ಒಂದೆರಡು ಗಂಟೆ ಬಿಡಿ. ಬುಡದ ಹತ್ತಿರ ಒಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡರೆ ಎಳೆತದ ನೋವಾಗುವುದಿಲ್ಲ. ತುದಿಯಿಂದ ಪ್ರಾರಂಭಿಸಿ, ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ, ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬನ್ನಿ. ಒಂದೇ ದಿನದಲ್ಲಿ ಆಗದಿದ್ದರೆ ಮರುದಿನಕ್ಕೂ ಉಳಿಸಿಕೊಳ್ಳಬಹುದು. ಬಿಡಿಸಲು ಬಾರದಷ್ಟನ್ನು ಕತ್ತರಿಸಿಬಿಡಿ. ತಿಂಗಳಿಗೆ ಅರ್ಧ ಅಂಗುಲದ ಲೆಕ್ಕದಲ್ಲಿ ಅದು ಮತ್ತೆ ಬರುತ್ತದೆ.